ಸ್ವಯಂಸೇವಕ ಕೋಚ್‌ಗಳ ತರಬೇತಿ: ಖರ್ಚು ಯಾರ ಪಾಲಿಗೆ? ದಾವಣಗೆರೆಯಲ್ಲಿ ನಾವು ಲೆಕ್ಕ ಹಾಕುವ ರೀತಿ

ದಾವಣಗೆರೆಯಲ್ಲಿ ಕಪ್ ಕೊಡಿಸುವವರಿಗೆ ಬರ ಇಲ್ಲ. ಮಕ್ಕಳ ಖೊಖೊ ಟೂರ್ನಮೆಂಟ್ ಇದೆ ಅಂದರೆ ಒಬ್ಬರು ಟ್ರೋಫಿ ಕೊಡುತ್ತಾರೆ, ಒಬ್ಬರು ಜರ್ಸಿ, ಇನ್ನೊಬ್ಬರು ಮಧ್ಯಾಹ್ನದ ಊಟ. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಂದರೆ ಇನಾಮು ಕೊಡಲು ಜನ ತಾವಾಗಿಯೇ ಮುಂದೆ ಬರುತ್ತಾರೆ. ಆದರೆ ಆ ಮಕ್ಕಳಿಗೆ ದಿನಾ ಸಂಜೆ ಆಟ ಹೇಳಿಕೊಡುವವನು ಪ್ರಥಮ ಚಿಕಿತ್ಸೆ ಕಲಿಯಬೇಕು, ಅದಕ್ಕಾಗಿ ಎರಡು ದಿನದ ದುಡಿಮೆ ಬಿಡಬೇಕು ಅಂದಾಗ ಖರ್ಚು ಯಾರದು ಎಂದು ಯಾರೂ ಬಾಯಿಬಿಡುವುದಿಲ್ಲ. ಕೊನೆಗೆ ಅವನೇ ಕೊಟ್ಟುಕೊಳ್ಳುತ್ತಾನೆ, ಇಲ್ಲವೇ ತರಬೇತಿಗೆ ಹೋಗುವುದೇ ಇಲ್ಲ. ಸಂಬಳವಿಲ್ಲದೆ ದುಡಿಯುವವನ ಜೇಬಿಗೇ ಕೈ ಹಾಕುವ ಈ ಪದ್ಧತಿ ನಿಲ್ಲಬೇಕು ಎಂಬುದು ನಮ್ಮ ಖಚಿತ ನಿಲುವು. ಹಾಗಂತ ಎಲ್ಲ ಖರ್ಚನ್ನೂ ಕ್ಲಬ್ಬೇ ಹೊರಬೇಕು ಎಂದು ನಾವು ಹೇಳುವುದಿಲ್ಲ. ತರಬೇತಿಗಳಲ್ಲಿ ಮೂರು ಬಗೆ. ಮೂರಕ್ಕೂ ಹಣ ಕೊಡಬೇಕಾದವರು ಬೇರೆ ಬೇರೆ.

ಮೊದಲನೆಯದು ಮಗುವಿನ ಜೀವಕ್ಕೆ ಸಂಬಂಧಿಸಿದ್ದು: ಪ್ರಥಮ ಚಿಕಿತ್ಸೆ, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು), ಬಿಸಿಲಿನ ಹೊಡೆತ, ತಲೆಗೆ ಪೆಟ್ಟು, ಮಕ್ಕಳ ರಕ್ಷಣೆ. ಇದರಲ್ಲಿ ಕೋಚ್‌ನಿಂದ ಒಂದು ರೂಪಾಯಿಯನ್ನೂ ಪಡೆಯಬಾರದು. ಕೂಲಿ ನಷ್ಟವನ್ನೂ ಸೇರಿಸಿ ಪೂರ್ತಿ ಕ್ಲಬ್ಬಿನ ಹೊಣೆ. ಇದನ್ನು ಕಲಿಯದವನ ಕೈಗೆ ಮಕ್ಕಳನ್ನು ಒಪ್ಪಿಸುವುದೇ ತಪ್ಪು, ಹಾಗಾಗಿ ಬಾಲು, ಮ್ಯಾಟಿನಷ್ಟೇ ಇದೂ ಮೈದಾನದ ಮೂಲ ಖರ್ಚು.

ಎರಡನೆಯದು ಆಟ ಕಲಿಸುವ ಮೊದಲ ಹಂತ. ಹತ್ತು ವರ್ಷದ ಮಗುವಿಗೆ ಎಷ್ಟು ಓಟ ಸಾಕು, ಖೊಖೊ ಕಂಬದ ಹತ್ತಿರ ಡೈವ್ ಯಾವ ವಯಸ್ಸಿನಿಂದ ಹೇಳಿಕೊಡಬೇಕು, ಕಬಡ್ಡಿಯಲ್ಲಿ ಪಾದ ಹಿಡಿಯುವಾಗ ಮೊಣಕಾಲು ತಿರುಚದಂತೆ ಹೇಗೆ ಹಿಡಿಯಬೇಕು ಎಂಬಂಥ ವಿಷಯಗಳು. ಇದಕ್ಕೆ ಶುಲ್ಕ ಮತ್ತು ಪ್ರಯಾಣ ಕ್ಲಬ್ಬಿನದು, ಹಣ ದಾನಿಗಳಿಂದ ಮತ್ತು ಟೂರ್ನಮೆಂಟಿನಿಂದ.

ಮೂರನೆಯದು ಕೋಚ್‌ನ ಸ್ವಂತ ಬದುಕಿಗೆ ಬೆಲೆ ತರುವ ಪ್ರಮಾಣಪತ್ರ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ, ಅಂದರೆ ಎಲ್ಲರೂ ಎನ್‌ಐಎಸ್ ಎನ್ನುವ ಸಂಸ್ಥೆಯ, ಆರು ವಾರದ ಕೋರ್ಸು, ಫುಟ್‌ಬಾಲ್ ಫೆಡರೇಶನ್ನಿನ ಲೈಸೆನ್ಸುಗಳು ಈ ಗುಂಪಿಗೆ ಸೇರುತ್ತವೆ. ಇವನ್ನು ಪಡೆದವನಿಗೆ ಖಾಸಗಿ ಶಾಲೆಯಲ್ಲಿ ಕೆಲಸದ ಬಾಗಿಲು ತೆರೆಯುತ್ತದೆ. ಲಾಭ ಇಬ್ಬರಿಗೂ ಇರುವುದರಿಂದ ಖರ್ಚನ್ನೂ ಇಬ್ಬರೂ ಹಂಚಿಕೊಳ್ಳಬೇಕು.

ಈ ಮೂರನ್ನೂ ಒಂದೇ ಚೀಲಕ್ಕೆ ಹಾಕಿದಾಗಲೇ ಸಭೆಯಲ್ಲಿ ಜಗಳ ಹತ್ತುವುದು. 'ಅವನು ಸರ್ಟಿಫಿಕೇಟ್ ತಗೊಂಡು ಬೇರೆ ಕಡೆ ಹೋದರೆ?' ಎಂದು ಯಾರೋ ಕೇಳುತ್ತಾರೆ, ಆ ಭಯಕ್ಕೆ ಪ್ರಥಮ ಚಿಕಿತ್ಸೆಯ ಹಣವೂ ನಿಂತುಹೋಗುತ್ತದೆ. ಆ ಪ್ರಶ್ನೆ ಮೂರನೇ ಬಗೆಗೆ ಮಾತ್ರ ಸಲ್ಲುತ್ತದೆ.

ಮೊದಲ ಬಗೆಯ ಲೆಕ್ಕವನ್ನು ಬಿಡಿಸಿ ನೋಡೋಣ. 120 ಮಕ್ಕಳು, 8 ಸ್ವಯಂಸೇವಕ ಕೋಚ್‌ಗಳಿರುವ ಒಂದು ಕ್ಲಬ್ ಎಂದು ಇಟ್ಟುಕೊಳ್ಳಿ. ಎರಡು ದಿನದ ತರಬೇತಿ, ಊರಿನಲ್ಲೇ. ತರಬೇತುದಾರರ ಗೌರವಧನ ಮತ್ತು ಪ್ರಯಾಣಕ್ಕೆ 8,000 ರೂಪಾಯಿ. ಊಟ, ಚಹಾಕ್ಕೆ ತಲೆಗೆ ದಿನಕ್ಕೆ 150ರಂತೆ 2,400. ಬ್ಯಾಂಡೇಜು, ಸ್ಪ್ಲಿಂಟು, ಜೆರಾಕ್ಸಿಗೆ 1,600. ಕೂಲಿ ನಷ್ಟಕ್ಕೆ ದಿನಕ್ಕೆ 600ರಂತೆ 9,600. ಹಾಲ್‌ಗೆ ಯಾವುದಾದರೂ ಶಾಲೆಯನ್ನು ಕೇಳಿ, ಬಾಡಿಗೆ ಬೇಡ. ಒಟ್ಟು 21,600. ಮಗುವಿಗೆ ವರ್ಷಕ್ಕೆ 180, ತಿಂಗಳಿಗೆ 15 ರೂಪಾಯಿ. ಮೊತ್ತಗಳು ನಿಮ್ಮ ಊರಿನ ದರದಂತೆ ಬದಲಾಗುತ್ತವೆ, ಆದರೆ ಒಳಗಿನ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ.

ಆ ಪ್ರಮಾಣದಲ್ಲೇ ಎಲ್ಲರ ಕಣ್ಣು ತಪ್ಪಿಸುವ ಸಂಗತಿ ಇದೆ: ಖರ್ಚಿನ ಹತ್ತಿರಹತ್ತಿರ ಅರ್ಧ ಕೂಲಿ ನಷ್ಟ. ಬಹಳಷ್ಟು ಕ್ಲಬ್ಬುಗಳು 'ತರಬೇತಿ ಉಚಿತ' ಎಂದು ಬೋರ್ಡು ಹಾಕಿ, ಕೋಚ್‌ಗಳು ಬರಲಿಲ್ಲ ಎಂದು ಬೇಸರಪಡುತ್ತವೆ. ಆಟೋ ಓಡಿಸುವವರು, ಮಂಡಕ್ಕಿ ಭಟ್ಟಿಯಲ್ಲಿ ಇರುವವರು, ಎಪಿಎಂಸಿಯಲ್ಲಿ ಹಮಾಲಿ ಮಾಡುವವರು ನಮ್ಮಲ್ಲಿ ಕೋಚ್‌ಗಳು. ಅವರಿಗೆ ಭಾನುವಾರವೂ ದುಡಿಮೆಯ ದಿನವೇ. ಕೂಲಿ ತುಂಬಿಕೊಡದಿದ್ದರೆ ತಿಂಗಳ ಸಂಬಳ ಬರುವವರು ಮಾತ್ರ ಕಲಿತು ಬರುತ್ತಾರೆ, ನಿಜಕ್ಕೂ ದಿನಾ ಮೈದಾನದಲ್ಲಿ ಇರುವವರು ಹೊರಗೆ ಉಳಿಯುತ್ತಾರೆ. ಈ ಹಣವನ್ನು ಎರಡನೇ ದಿನದ ಸಂಜೆ, ಹಾಜರಿಗೆ ಸಹಿ ಹಾಕಿಸಿಕೊಂಡು, ಅಲ್ಲೇ ಕೈಗೆ ಅಥವಾ ಯುಪಿಐ ಮೂಲಕ ಕೊಟ್ಟುಬಿಡಬೇಕು. 'ಬಿಲ್ ಕೊಡಿ, ಮುಂದಿನ ತಿಂಗಳು ನೋಡೋಣ' ಎಂದರೆ ಮುಂದಿನ ತರಬೇತಿಗೆ ಅವರು ಬರುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಪುಸ್ತಕದಲ್ಲಿ ಇದನ್ನು 'ಗೌರವಧನ' ಎಂದು ಬರೆಯದೆ 'ಕೂಲಿ ನಷ್ಟ ಭರ್ತಿ' ಎಂದೇ ಬರೆಯಿರಿ. ಆಗ ಸಂಬಳ ಇರುವವರು ತಾವಾಗಿಯೇ ಬಿಟ್ಟುಕೊಡುತ್ತಾರೆ.

ಖರ್ಚು ಇಳಿಸಬೇಕಾದರೆ ಕೂಲಿಗೆ ಕೈ ಹಾಕಬೇಡಿ, ತರಬೇತುದಾರರ ಖರ್ಚನ್ನು ಹಂಚಿಕೊಳ್ಳಿ. ಹರಿಹರ, ದಾವಣಗೆರೆ, ಜಗಳೂರು, ಚಿತ್ರದುರ್ಗದ ನಾಲ್ಕು ಕ್ಲಬ್ ಸೇರಿದರೆ 32 ಜನ ಆಗುತ್ತಾರೆ. ಅಷ್ಟು ಜನಕ್ಕೆ ಒಬ್ಬ ತರಬೇತುದಾರ ಸಾಲದು, ಇಬ್ಬರು ಬೇಕು. ಆದರೂ ಪ್ರತಿ ಕ್ಲಬ್ಬಿನ ಪಾಲು 8,000ದಿಂದ 4,000ಕ್ಕೆ ಇಳಿಯುತ್ತದೆ, ಒಟ್ಟು 17,600, ಮಗುವಿಗೆ ವರ್ಷಕ್ಕೆ 147ರ ಆಸುಪಾಸು. ಹೊರಗಿನಿಂದ ಬರುವವರ ಬಸ್ ಚಾರ್ಜನ್ನು ಅವರವರ ಕ್ಲಬ್ಬೇ ನೋಡಿಕೊಳ್ಳಬೇಕು. ಬೆಂಗಳೂರಿಗೆ ಎಂಟು ಜನರನ್ನು ಕಳಿಸುವುದಕ್ಕಿಂತ ಬೆಂಗಳೂರಿನಿಂದ ಇಬ್ಬರನ್ನು ಕರೆಸುವುದು ಯಾವಾಗಲೂ ಅಗ್ಗ. ಅದಕ್ಕೂ ಮೊದಲು ಊರಿನಲ್ಲೇ ವಿಚಾರಿಸಿ: ಜೆಜೆಎಂ, ಎಸ್‌ಎಸ್ ಎಂದು ಎರಡು ವೈದ್ಯಕೀಯ ಕಾಲೇಜು ಇರುವ ಊರು ಇದು. ಸಿಪಿಆರ್ ಕಲಿಸಬಲ್ಲ ವೈದ್ಯರು, ಅಭ್ಯಾಸದ ಬೊಂಬೆ ಹತ್ತಿರದಲ್ಲೇ ಸಿಗಬಹುದು.

ಬೊಂಬೆ ಇಲ್ಲದ ಸಿಪಿಆರ್ ತರಗತಿಗೆ ಹಣ ಕೊಡಬೇಡಿ. ನಿಮಿಷಕ್ಕೆ 100ರಿಂದ 120 ಒತ್ತು, ಮಗುವಿನ ಎದೆಯ ಮೂರನೇ ಒಂದು ಭಾಗದಷ್ಟು ಆಳ, ಒಬ್ಬರೇ ಇದ್ದರೆ 30 ಒತ್ತಿಗೆ 2 ಉಸಿರು ಎಂಬುದನ್ನು ಬಾಯಿಪಾಠ ಮಾಡುವುದು ಸುಲಭ. ಎಷ್ಟು ಬಲ ಬೇಕು ಎಂಬುದು ಬೊಂಬೆ ಒತ್ತಿದಾಗಲೇ ಗೊತ್ತಾಗುವುದು. ಎಂಟು ಜನಕ್ಕೆ ಕನಿಷ್ಠ ಎರಡು ಬೊಂಬೆ ಬೇಕು, ಪ್ರತಿಯೊಬ್ಬರೂ ಪೂರ್ತಿ ಎರಡು ನಿಮಿಷ ನಿಲ್ಲಿಸದೆ ಒತ್ತಬೇಕು. ಬಿಸಿಲಿನ ಹೊಡೆತದ ಪಾಠ ನಮ್ಮ ಸೀಮೆಗೆ ಅನಿವಾರ್ಯ. ಚಿತ್ರದುರ್ಗದ ಬೇಸಿಗೆ ಶಿಬಿರಗಳು ಏಪ್ರಿಲ್‌ನಲ್ಲೇ ನಡೆಯುವುದು. ಮೈ ಸುಡುತ್ತಾ ಮಾತು ತೊದಲುವ ಮಗುವನ್ನು ಬೈಕಿನ ಮೇಲೆ ಕೂರಿಸಿಕೊಂಡು ಓಡಬಾರದು. ನೆರಳಿಗೆ ತಂದು, ಮೈತುಂಬ ತಣ್ಣೀರು ಸುರಿದು ಗಾಳಿ ಹಾಕುತ್ತಿರಬೇಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗು ಅವತ್ತು ಮತ್ತೆ ಆಟಕ್ಕೆ ಇಳಿಯಕೂಡದು, ಫೈನಲ್ ಇದ್ದರೂ ಸರಿ. ಈ ಒಂದು ನಿಯಮವನ್ನು ಪೋಷಕರ ಎದುರೇ ಹೇಳಿಸಬೇಕು, ಯಾಕೆಂದರೆ ಒತ್ತಡ ಬರುವುದು ಅವರಿಂದಲೇ.

ಮಕ್ಕಳ ರಕ್ಷಣೆಯ ಪಾಠಕ್ಕೆ ಅರ್ಧ ದಿನ ಸಾಕು, ಆದರೆ ಅದನ್ನು ಬಿಡುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಡಿ ಶಿಕ್ಷೆ ಇದೆ. 'ಕ್ಲಬ್ಬಿನ ಮರ್ಯಾದೆ' ಎಂದು ಒಳಗೊಳಗೇ ರಾಜಿ ಮಾಡುವುದು ಅಪರಾಧ ಎಂದು ಕಾರ್ಯಕಾರಿ ಸಮಿತಿಯವರಿಗೂ ಗೊತ್ತಿರಬೇಕು. ಆ ಅರ್ಧ ದಿನ ಅಧ್ಯಕ್ಷರು, ಖಜಾಂಚಿ ಸಹಿತ ಎಲ್ಲರೂ ಕೂರಲಿ. ಮಕ್ಕಳ ಸಹಾಯವಾಣಿ 1098 ಮೈದಾನದ ಗೋಡೆಯ ಮೇಲೆ ಮಕ್ಕಳಿಗೆ ಕಾಣುವ ಎತ್ತರದಲ್ಲಿ ಇರಲಿ.

ಇನ್ನು ಹಣ ಎತ್ತುವುದು. ಮಕ್ಕಳ ಶುಲ್ಕದಲ್ಲಿ 15 ರೂಪಾಯಿ ಏರಿಸಿ ಸುಮ್ಮನಾದರೆ ಆ ಹಣ ಆರು ತಿಂಗಳಲ್ಲಿ ಬಾಲಿಗೋ ಜರ್ಸಿಗೋ ಹೋಗಿರುತ್ತದೆ. ರಸೀದಿಯಲ್ಲಿ 'ಕೋಚ್ ತರಬೇತಿ' ಎಂದು ಬೇರೆ ಸಾಲು ಹಾಕಿ, ಬೇರೆ ಉಳಿತಾಯ ಖಾತೆಗೆ ಕಟ್ಟಿ, ವಾರ್ಷಿಕ ಸಭೆಯಲ್ಲಿ ಇದನ್ನು ಬೇರೆಡೆ ಬಳಸುವಂತಿಲ್ಲ ಎಂದು ನಿರ್ಣಯ ಬರೆಸಿ. ಕೊಡಲಾಗದ ಮನೆಗಳ ಮಕ್ಕಳನ್ನು ಬಿಡಬೇಡಿ. ಅವರ ಪಾಲನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಉಳಿದವರಿಗೆ 15ರ ಬದಲು 20 ಹಾಕಿದರೆ ಕಾಲು ಭಾಗ ಮಕ್ಕಳಿಗೆ ಪೂರ್ತಿ ಮಾಫಿ ಕೊಡಬಹುದು. ಪೋಷಕರು ಕೇಳುವುದು ಒಂದೇ: ಇದರಿಂದ ನಮ್ಮ ಮಗುವಿಗೇನು? ಅದಕ್ಕೆ ಉತ್ತರವಾಗಿ ಪ್ರತಿ ಕೋಚ್‌ನ ಹೆಸರು, ಕಲಿತದ್ದು, ಪ್ರಮಾಣಪತ್ರದ ಅವಧಿ ಮುಗಿಯುವ ತಿಂಗಳನ್ನು ಬೋರ್ಡಿನಲ್ಲಿ ಹಾಕಿ. ಅವಧಿ ಮುಗಿದಿದ್ದರೆ ಪೋಷಕರೇ ನೆನಪಿಸುತ್ತಾರೆ.

ಟೂರ್ನಮೆಂಟಿನ ಪ್ರವೇಶ ಶುಲ್ಕದಲ್ಲಿ ಶೇ. 10ನ್ನು ಎರಡನೇ ಬಗೆಗೆ ಕಡ್ಡಾಯ ಮಾಡಿ. ಈ ಪಾಲನ್ನು ಟೂರ್ನಮೆಂಟ್ ಶುರುವಾಗುವ ಮೊದಲೇ ಎತ್ತಿಡಿ, ಮುಗಿದ ಮೇಲೆ ಉಳಿಯುವುದು ಪೆಂಡಾಲಿನ ಬಾಕಿ ಮಾತ್ರ. ದಾನಿಗಳು ತರಬೇತಿಗೆ ಕೊಡುವುದಿಲ್ಲ ಎಂಬ ಮಾತು ಅರ್ಧ ನಿಜ. ಕಪ್ ಮೇಲೆ ಹೆಸರು ಕೆತ್ತಿಸಬಹುದು, ತರಬೇತಿಯಲ್ಲಿ ಕಾಣುವುದೇನೂ ಇರುವುದಿಲ್ಲ. ಹಾಗಾಗಿ 'ತರಬೇತಿಗೆ ಸಹಾಯ ಮಾಡಿ' ಎನ್ನುವ ಬದಲು 'ಒಬ್ಬ ಕೋಚ್‌ನ ಒಂದು ವರ್ಷದ ಕಲಿಕೆ ನಿಮ್ಮದು' ಎಂದು ಮೊತ್ತ ಹೇಳಿ ಕೇಳಿ. ದೊಡ್ಡ ಕಂಪನಿಗಳ ಸಿಎಸ್‌ಆರ್ ಹಣಕ್ಕೆ, ಅಂದರೆ ಸಮಾಜದ ಕೆಲಸಕ್ಕೆ ಅವು ತೆಗೆದಿಡುವ ಹಣಕ್ಕೆ, ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆಯ ತರಬೇತಿಗೆ ಅವಕಾಶ ಇದೆ, ಆದರೆ 12ಎ (ಸಂಸ್ಥೆಯ ಆದಾಯ ತೆರಿಗೆ ವಿನಾಯಿತಿಗೆ), 80ಜಿ (ದಾನಿಯ ತೆರಿಗೆ ವಿನಾಯಿತಿಗೆ), ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು) ನೋಂದಣಿ ಇಲ್ಲದ ಸಣ್ಣ ಕ್ಲಬ್ಬಿಗೆ ಅದು ನೇರವಾಗಿ ಸಿಗುವುದಿಲ್ಲ. ಸಂಘಗಳ ಕಾಯ್ದೆಯ ನೋಂದಣಿ ಒಂದೇ ಸಾಲದು. ನಾಲ್ಕೈದು ಕ್ಲಬ್ ಸೇರಿ ಈ ಅರ್ಹತೆಗಳಿರುವ ಟ್ರಸ್ಟ್ ಒಂದರ ಮೂಲಕ ಕೇಳುವುದು ಸರಿಯಾದ ದಾರಿ. 80ಜಿ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ದಾನಿಗೆ ತೆರಿಗೆ ವಿನಾಯಿತಿ ಸಿಗದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯನ್ನೇ ಕೇಳಿ. ಸರ್ಕಾರಕ್ಕೆ ಅರ್ಜಿ ಖಂಡಿತ ಹಾಕಿ. ಮೊದಲ ಬಗೆಯ ತರಬೇತಿ ನ್ಯಾಯವಾಗಿ ಸಾರ್ವಜನಿಕ ಹಣದಿಂದಲೇ ಆಗಬೇಕಾದ್ದು ಎಂದು ನಾವು ನಂಬುತ್ತೇವೆ. ಆದರೆ ಅನುದಾನವನ್ನು ಬರುವ ಮೊದಲೇ ಆದಾಯದ ಕಡೆ ಬರೆಯಬೇಡಿ.

ಮೂರನೇ ಬಗೆಗೆ ನಮ್ಮ ಕ್ರಮ ಇದು. ಶುಲ್ಕ ಪೂರ್ತಿ ಕ್ಲಬ್ ಮುಂಗಡ ಕೊಡುತ್ತದೆ. ಅದರಲ್ಲಿ ಅರ್ಧ ಕ್ಲಬ್ಬಿನ ಕೊಡುಗೆ, ಅರ್ಧ ಕೋಚ್‌ನ ಪಾಲು. ಬಂದ ಮೇಲೆ ಒಂದು ಸೀಸನ್ ವಾರಕ್ಕೆ ಮೂರು ದಿನ ಕಲಿಸಿದರೆ ಅವನ ಪಾಲಿನ ಅರ್ಧ ಮಾಫಿ, ಎರಡು ಸೀಸನ್ ಆದರೆ ಪೂರ್ತಿ ಮಾಫಿ. ನಡುವೆ ಬಿಟ್ಟರೆ ಉಳಿದದ್ದನ್ನು ಕಂತಿನಲ್ಲಿ ಕೊಡುತ್ತಾನೆ. ಒಂದು ಪುಟದ ಪತ್ರ, ಇಬ್ಬರ ಸಹಿ, ಒಂದೊಂದು ಪ್ರತಿ. ಮೂಲ ಪ್ರಮಾಣಪತ್ರವನ್ನು ಕ್ಲಬ್ ಇಟ್ಟುಕೊಳ್ಳುವುದು ಅನ್ಯಾಯ, ನಾವು ಅದಕ್ಕೆ ಸಂಪೂರ್ಣ ವಿರುದ್ಧ. ಆರು ವಾರದ ಕೋರ್ಸಿಗೆ ಕೂಲಿ ನಷ್ಟವೇ 600ರಂತೆ 25,200 ಆಗುತ್ತದೆ. ಇದನ್ನು ತುಂಬುವ ಶಕ್ತಿ ಸಣ್ಣ ಕ್ಲಬ್ಬಿಗೆ ಇಲ್ಲ ಎಂದು ಮೊದಲೇ ನೇರವಾಗಿ ಹೇಳಿಬಿಡಿ, ವರ್ಷಕ್ಕೆ ಒಬ್ಬರನ್ನು ಮಾತ್ರ ಕಳಿಸಿ.

ದಿನಾಂಕವೂ ದುಡ್ಡೇ. ಮೆಕ್ಕೆಜೋಳದ ಕೊಯ್ಲು, ಭದ್ರಾ ನಾಲೆಯ ಕೆಳಗಿನ ಭತ್ತದ ಕೊಯ್ಲು ನಡೆಯುವಾಗ ಯಾರೂ ಬರಲಾರರು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದೈಹಿಕ ಶಿಕ್ಷಕರು ಶಾಲಾ ಕ್ರೀಡಾಕೂಟಗಳಲ್ಲಿ ಇರುತ್ತಾರೆ. ನಮಗೆ ಹೊಂದುವುದು ಜನವರಿಯ ಎರಡು ಭಾನುವಾರ.

ಗರಡಿಮನೆಯ ವಸ್ತಾದರನ್ನು ಕರೆಯುವಾಗ ಅವರನ್ನು ಕಲಿಯುವವರ ಸಾಲಿನಲ್ಲಿ ಮಾತ್ರ ಕೂರಿಸಬೇಡಿ. ಕುತ್ತಿಗೆಯ ಹಿಡಿತದ ಅಪಾಯ ಅವರಷ್ಟು ತಿಳಿದವರು ಕಡಿಮೆ, ಒಂದು ಗಂಟೆ ಅವರೇ ಕಲಿಸಲಿ, ಅದಕ್ಕೆ ಗೌರವಧನವೂ ಇರಲಿ.

ಹೆಣ್ಣುಮಕ್ಕಳ ತಂಡಕ್ಕೆ ಮಹಿಳಾ ಕೋಚ್ ಬೇಕು ಎಂದು ಎಲ್ಲ ಕ್ಲಬ್ಬೂ ಹೇಳುತ್ತದೆ, ಬಜೆಟ್ಟಿನಲ್ಲಿ ಮಾತ್ರ ಅದು ಕಾಣುವುದಿಲ್ಲ. ಹೊರ ಊರಿನ ತರಬೇತಿಗೆ ಹೋಗುವವರ ಜೊತೆ ಇನ್ನೊಬ್ಬರ ಟಿಕೆಟ್ಟು, ಸುರಕ್ಷಿತ ವಸತಿ, ಚಿಕ್ಕ ಮಗು ಇದ್ದರೆ ಅದನ್ನು ನೋಡಿಕೊಳ್ಳುವವರ ಊಟ ಮತ್ತು ಕೂಲಿ, ಇಷ್ಟನ್ನೂ ತರಬೇತಿಯ ಖರ್ಚು ಎಂದೇ ಹಿಡಿಯಬೇಕು. ಊರಿನಲ್ಲೇ ನಡೆಸುವುದಾದರೆ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಅವರ ಕೂಲಿಯನ್ನು ಬಜೆಟ್ಟಿನಲ್ಲಿ ಊಟದ ಸಾಲಿನ ಕೆಳಗೇ ಬರೆಯಿರಿ. ತರಬೇತಿಯನ್ನು ಸಂಜೆ ಐದಕ್ಕೆ ಮುಗಿಸಿ, ಜಗಳೂರು ಕಡೆಯಿಂದ ಬಂದವರಿಗೆ ಕತ್ತಲಾಗುವ ಮೊದಲು ಬಸ್ಸು ಸಿಗಬೇಕು.