ಕಾಡಿನ ಹೆಲಿಪ್ಯಾಡಿನಲ್ಲಿ ಭಾರ ಕಟ್ಟುವ ಕೆಲಸ: ನನ್ನ ಅನುಭವ

ಪಪುವಾ ನ್ಯೂ ಗಿನಿಯ ಗುಡ್ಡಗಾಡಿನಂಥ ಕಡೆ ತೈಲ ಹುಡುಕಲು ಹೋದರೆ ರಸ್ತೆಯೇ ಇರುವುದಿಲ್ಲ. ಬಿಚ್ಚಿದ ರಿಗ್ (ಬಾವಿ ಕೊರೆಯುವ ಯಂತ್ರ), ಪೈಪು, ಡೀಸೆಲ್, ಅಕ್ಕಿ ಎಲ್ಲವೂ ಹೆಲಿಕಾಪ್ಟರಿನ ಕೊಕ್ಕೆಯಲ್ಲಿ ತೂಗಿಕೊಂಡೇ ಹೋಗಬೇಕು. ಮಂಗಳೂರು, ಉಡುಪಿ ಕಡೆಯಿಂದ ಇಂಥ ಕೆಲಸಕ್ಕೆ ಹೊರಟವರಿಗೆ ಉಪಯೋಗವಾಗಲೆಂದು ನೆಲದ ಮೇಲಿನ ಕೆಲಸವನ್ನು ಬರೆಯುತ್ತಿದ್ದೇನೆ.

ಮೊದಲು ತೂಕ. ಪ್ರತಿ ಹೊರೆಯನ್ನೂ ಕಾಟಾಕ್ಕೆ ಹಾಕಿ, ತೂಕವನ್ನು ಅದರ ಮೇಲೆಯೇ ಬರೆಯುತ್ತಿದ್ದೆ. ಮಳೆಗೆ ನೆಂದ ಹಲಗೆಯನ್ನು ಮತ್ತೆ ತೂಗಲೇಬೇಕು. ಬೆಲ್ 212 ಹೆಲಿಕಾಪ್ಟರಿನ ಕೊಕ್ಕೆಯ ಮಿತಿ 2,268 ಕೆಜಿ, ಆದರೆ ಅಷ್ಟೂ ಏಳುತ್ತದೆಂದು ನಂಬಬೇಡಿ. ಗಾಳಿ ಬಿಸಿಯಾದರೆ ತೆಳುವಾಗುತ್ತದೆ. ಮಲ್ಪೆ ಕಡಲ ದಂಡೆಯಲ್ಲಿ 34 ಡಿಗ್ರಿ ಇದ್ದರೆ ಹೆಲಿಕಾಪ್ಟರಿಗೆ ಅದು ಸುಮಾರು 2,300 ಅಡಿ ಎತ್ತರವಿದ್ದಂತೆ. ಕಡಲ ಮಟ್ಟದಲ್ಲಿ ಲೆಕ್ಕಕ್ಕೆ ಹಿಡಿಯುವ ಸಾಮಾನ್ಯ ಉಷ್ಣತೆ 15 ಡಿಗ್ರಿ, ಅದರ ಮೇಲಿನ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿಕೊಳ್ಳಿ. 5,000 ಅಡಿಯ ಗುಡ್ಡದಲ್ಲಿ 5 ಡಿಗ್ರಿಯಿಂದ ಲೆಕ್ಕ ಶುರು. ಅಲ್ಲಿ 25 ಇದ್ದರೆ 7,400 ಅಡಿ! ಭಾರದ ಹೊರೆಗಳನ್ನು ಬೆಳಿಗ್ಗೆಯೇ ಮುಗಿಸುತ್ತಿದ್ದದ್ದು ಇದಕ್ಕೇ.

ಕಟ್ಟುವಾಗ ಹಗ್ಗದ ಓರೆ ನೋಡಿ. 1,000 ಕೆಜಿಯನ್ನು ಎರಡು ಕಾಲಿನ ಸ್ಲಿಂಗ್‌ನಲ್ಲಿ (ಹೊರೆಯನ್ನು ಕೊಕ್ಕೆಗೆ ತೂಗುಹಾಕುವ ಹಗ್ಗ) ಎತ್ತುವಾಗ ಹಗ್ಗ ಅಡ್ಡಗೆರೆಗೆ 60 ಡಿಗ್ರಿಯಲ್ಲಿದ್ದರೆ ಒಂದೊಂದು ಕಾಲಿಗೆ 577 ಕೆಜಿ ಸೆಳೆತ, 45ರಲ್ಲಿ 707, 30ರಲ್ಲಿ ಪೂರ್ತಿ 1,000. ಸ್ಲಿಂಗ್ ಗಿಡ್ಡವಾಯಿತೆಂದು ಹಾಗೇ ಎಳೆದು ಸಿಕ್ಕಿಸುವುದು ಅಪಾಯ. ಉದ್ದದ ಸ್ಲಿಂಗ್ ತನ್ನಿ. ಅಲ್ಲಿನ ಮರಗಳು ನಮ್ಮ ಅಡಿಕೆ ಮರಗಳಿಗಿಂತ ಬಹಳ ಎತ್ತರ, ಆದ್ದರಿಂದ ಹೆಲಿಕಾಪ್ಟರಿನಿಂದ ಕೆಳಗಿನ ಕೊಕ್ಕೆಯವರೆಗೆ 30 ಮೀಟರಿಗೂ ಮೀರಿದ ಹಗ್ಗ ಬೇಕು. ಇಳಿದು ಬರುವ ಕೊಕ್ಕೆ ಮೊದಲು ನೆಲ ಮುಟ್ಟಲಿ, ಆಮೇಲೆ ಹಿಡಿಯಿರಿ. ರೆಕ್ಕೆ ತಿರುಗುವಾಗ ಹುಟ್ಟಿದ ವಿದ್ಯುತ್ತು ಅದರಲ್ಲಿ ತುಂಬಿರುತ್ತದೆ.

ಜನ ಹಗುರವಾಗಿ ಕಾಣುವುದು ಸಾಮಾನು ಇಳಿಸಿದ ಮೇಲೆ ಹಿಂತಿರುಗುವ ಖಾಲಿ ಬಲೆಯನ್ನು. ನನಗೆ ಹೆಚ್ಚು ಭಯ ಅದರದ್ದೇ. ಭಾರವಿಲ್ಲದ ಬಲೆ ವೇಗಕ್ಕೆ ಹಿಂದಕ್ಕೆ ಹಾರಿ ಬಾಲದ ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಮಡಚಿ ಚೀಲಕ್ಕೆ ತುಂಬಿ ಒಳಗಿಟ್ಟು ಕಳಿಸಿ.

ಸ್ಫೋಟಕವೂ ಅದನ್ನು ಸಿಡಿಸುವ ಡಿಟೊನೇಟರೂ ಒಂದೇ ಹಾರಾಟದಲ್ಲಿ ಹೋಗಬಾರದು.

ಇನ್ನು ಹೆಲಿಕಾಪ್ಟರಿನ ಇಂಧನ. 200 ಲೀಟರಿನ ಡ್ರಮ್ಮನ್ನು ಮಳೆಯಲ್ಲಿ ನಿಲ್ಲಿಸಿದರೆ ಮೇಲೆ ನೀರು ನಿಲ್ಲುತ್ತದೆ. ಹಗಲು ಕಾದು ಹಿಗ್ಗಿದ ಡ್ರಮ್ಮು ರಾತ್ರಿ ತಣ್ಣಗಾಗುವಾಗ ಆ ನೀರನ್ನು ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿದ್ದರೂ ಅಷ್ಟೇ. ಅದಕ್ಕೆ ಡ್ರಮ್ಮನ್ನು ಮಲಗಿಸಿ, ಎರಡೂ ಬಿರಡೆ ಗಡಿಯಾರದ 3 ಮತ್ತು 9ರ ಜಾಗದಲ್ಲಿರಲಿ. ಆಗ ಒಳಗಿನ ಇಂಧನವೇ ಬಿರಡೆಯನ್ನು ಮುಚ್ಚಿರುತ್ತದೆ. ಬಳಸುವ ಮುಂಚೆ ನಿಲ್ಲಿಸಿ, ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ. ಒಂದಡಿ ಆಳಕ್ಕೆ ಒಂದು ಗಂಟೆಯಂತೆ ಸುಮಾರು ಮೂರು ಗಂಟೆ ಬಿಟ್ಟರೆ ನೀರು ತಗ್ಗಿನ ಬದಿಗೆ ಇಳಿಯುತ್ತದೆ. ಪಂಪಿನ ಕೊಳವೆಯನ್ನು ಎತ್ತರದ ಬದಿಯಲ್ಲಿ, ತಳ ಮುಟ್ಟದಂತೆ ಇಳಿಸಿ.

ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ. ತಿಳಿಯಾಗಿದೆ ಎಂದಷ್ಟಕ್ಕೇ ಒಪ್ಪಬೇಡಿ, ಬಾಟಲಿ ತುಂಬ ಬರೀ ನೀರಿದ್ದರೂ ತಿಳಿಯಾಗಿಯೇ ಕಾಣುತ್ತದೆ. ಮೂಸಿ ನೋಡಿ, ಸಿರಿಂಜಿನಲ್ಲಿ 5 ಎಂಎಲ್ ಎಳೆದು ನೀರು ಪತ್ತೆಯ ಕ್ಯಾಪ್ಸೂಲ್ ಹಾಕಿ. ಅದರ ಹಳದಿ ಕಾಗದ ಹಸಿರಿಗೆ ತಿರುಗಿದರೆ ಆ ಡ್ರಮ್ಮು ಪಕ್ಕಕ್ಕೆ. ಪೈಲಟ್ ಎಷ್ಟೇ ಅವಸರ ಮಾಡಲಿ, ಆ ಡ್ರಮ್ಮಿನ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಗುರುತು ಹಾಕಿ ಹೆಲಿಪ್ಯಾಡಿನಿಂದ ಆಚೆ ಉರುಳಿಸಿದ ಮೇಲೆಯೇ ಮುಂದಿನ ಬಿರಡೆ ತೆಗೆಯುತ್ತಿದ್ದೆ.