ಸತ್ತಿದೆ ಅಂದಿದ್ದ ಮೋಟರು ಮತ್ತೆ ತಿರುಗಿತು

‘ಮೋಟರು ಹೋಯ್ತು, ಎಸೆದು ಹೊಸದು ಹಾಕು’ ಅಂತ ಗೆಳೆಯರೆಲ್ಲ ಒಂದೇ ರಾಗ ಎಳೆದಿದ್ದರು. ಅದೇ ಮೋಟರಿನಲ್ಲಿ ಈಗ ಮೂರು ತಿಂಗಳಿಂದ ಡ್ರೋನ್ ಹಾರಿಸುತ್ತಿದ್ದೇನೆ. ಅದಕ್ಕೇ ಬರೆಯುತ್ತಿರುವುದು.

5 ಇಂಚಿನ ಪ್ರೊಪೆಲ್ಲರಿನ ಕ್ವಾಡ್ (ನಾಲ್ಕು ಮೋಟರಿನ ಡ್ರೋನ್), 6ಎಸ್ ಅಂದರೆ ಆರು ಸೆಲ್ಲಿನ ಬ್ಯಾಟರಿ, 2207 ಅಳತೆಯ ಮೋಟರು, 1750 ಕೆವಿ (ಒಂದು ವೋಲ್ಟಿಗೆ 1750 ಆರ್‌ಪಿಎಂ). ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಮರಕ್ಕೆ ಬಡಿದು ಬಿತ್ತು. ಪ್ರೊಪೆಲ್ಲರ್ ಬಿಚ್ಚಿ ಬೀಟಾಫ್ಲೈಟ್ ಅನ್ನೋ ಡ್ರೋನ್ ಸಾಫ್ಟ್‌ವೇರಿನಲ್ಲಿ ನೋಡಿದರೆ ಮೂರು ಸಲೀಸಾಗಿ ತಿರುಗುತ್ತವೆ, ನಾಲ್ಕನೆಯದು ಗಡಗಡ ನಡುಗಿ ನಿಲ್ಲುತ್ತದೆ. ‘ಇಎಸ್‌ಸಿ ಸುಟ್ಟಿರಬೇಕು’ ಅಂದರು ಒಬ್ಬರು. ಅಂದರೆ ಮೋಟರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟು. ನನ್ನದು ನಾಲ್ಕೂ ಒಂದರಲ್ಲೇ ಇರುವ ಫೋರ್-ಇನ್-ಒನ್ ಬೋರ್ಡು, ಐದಾರು ಸಾವಿರದ ಮಾತು. ಮೋಟರನ್ನು ಬಿಚ್ಚಿ ಪಕ್ಕದ ತೋಳಿನ ಪ್ಯಾಡಿಗೆ ಬೆಸೆದೆ. ನಡುಕವೂ ಜೊತೆಗೇ ಬಂತು. ಅಲ್ಲಿಗೆ ಬೋರ್ಡು ಪಾಸ್.

ಮಲ್ಟಿಮೀಟರಿನಲ್ಲಿ ಮೂರೂ ವೈರು ‘ಬೀಪ್’ ಅಂದವು. ಬಹಳ ಜನ ದಾರಿ ತಪ್ಪುವುದು ಇಲ್ಲೇ. ಈ ವೈಂಡಿಂಗಿನ ರೆಸಿಸ್ಟೆನ್ಸು ಒಂದು ಓಮ್‌ನ ಹತ್ತನೇ ಒಂದು ಭಾಗದ ಆಸುಪಾಸು, ಮಾಮೂಲಿ ಮೀಟರಿಗೆ ಒಳ್ಳೆಯದೂ ಕೆಟ್ಟದ್ದೂ ಒಂದೇ. ನಾನು ಪ್ರೊಪೆಲ್ಲರ್ ಕೂರುವ ಶಾಫ್ಟನ್ನು ಡ್ರಿಲ್ಲಿನ ಬಾಯಿಗೆ ಕಚ್ಚಿಸಿ, ಬುಡ ಹಿಡಿದುಕೊಂಡು ತಿರುಗಿಸಿದೆ. ಮೋಟರೇ ಜನರೇಟರು! ಸಾವಿರದ ಐನೂರು ಆರ್‌ಪಿಎಂಗೆ ಎರಡೆರಡು ವೈರಿನ ನಡುವೆ ಸುಮಾರು 0.6 ವೋಲ್ಟ್ ಎಸಿ ಬರಬೇಕು. ಬಂತು. ಆದರೆ ಒಂದು ವೈರನ್ನು ಬುಡದಲ್ಲಿ ಬಾಗಿಸಿದ ಕೂಡಲೇ ಎರಡು ಜೋಡಿ ಸೊನ್ನೆಗೆ ಬಿದ್ದವು. ವೈರಿನ ಮೇಲೆ ಹೊದಿಸಿದ ಸ್ಲೀವಿನೊಳಗೆ ತಂತಿ ತುಂಡಾಗಿ ತುದಿಗಳು ಬರಿದೇ ತಾಗಿಕೊಂಡಿದ್ದವು. (ಅಗ್ಗದ ಹಳದಿ ಮೀಟರಿನಲ್ಲಿ ಎಸಿಗೆ 200 ವೋಲ್ಟಿನ ರೇಂಜೇ ಅತಿ ಕೆಳಗಿನದು, ಅದು ಸಾಲದು.)

ಇದೇ ಹುರುಪಿನಲ್ಲಿ ಮನೆಯಲ್ಲಿದ್ದ ಹಳೇ ಮೋಟರುಗಳನ್ನೆಲ್ಲ ಡ್ರಿಲ್ಲಿಗೆ ಹಾಕಿ ನೋಡಿದೆ, ಒಂದು ಸಂಜೆ ಪೂರ್ತಿ ಹೋಯಿತು. ವೈರುಗಳನ್ನೆಲ್ಲ ಬಿಡಿಯಾಗಿ ಬಿಟ್ಟರೂ ಕೈಯಲ್ಲಿ ಬಿಗಿಯಾಗಿ ತಿರುಗುವುದೊಂದಿತ್ತು. ಅದು ಒಳಗೇ ಶಾರ್ಟು, ಅದನ್ನು ಗುಜರಿಗೆ ಹಾಕಿದೆ.

ರಿಪೇರಿ ಮೊದಲು ಕೈಕೊಟ್ಟಿತು. ತಂತಿಯ ಎನಾಮೆಲ್ ಲೇಪವನ್ನು ಬ್ಲೇಡಿನಲ್ಲಿ ಕೆರೆದು ಬೆಸೆದರೆ, ಬೆಸುಗೆಯ ಸೀಸ ತಂತಿಯುದ್ದಕ್ಕೂ ಏರಿ ತಂತಿ ಕಡ್ಡಿಯಂತೆ ಗಟ್ಟಿಯಾಗಿ, ಅರ್ಧ ಬ್ಯಾಟರಿ ಮುಗಿಯುವಷ್ಟರಲ್ಲಿ ಅಂಚಿನಲ್ಲೇ ಮುರಿಯಿತು. ಮುಂದಿನ ಸಲ ಅರಾಲ್ಡೈಟ್ ಹಚ್ಚಿದೆ, ಅದು ಉಬ್ಬಿ ಬೆಲ್ಲಿಗೆ (ಮೋಟರಿನ ತಿರುಗುವ ಹೊರಚಿಪ್ಪಿಗೆ) ತಾಗಿತು. ಕೊನೆಗೆ ದಾವಣಗೆರೆಯಲ್ಲಿ ಪಂಪ್‌ಸೆಟ್ ಮೋಟರು ಕಟ್ಟುವ ಅಣ್ಣನ ಹತ್ತಿರ ಹೋದೆ. ನನ್ನ ಮೋಟರು ನೋಡಿ ನಕ್ಕರೂ ಗೇಣುದ್ದ ಫೈಬರ್ ಸ್ಲೀವು ಪುಕ್ಕಟೆ ಕೊಟ್ಟರು. ಜಾಯಿಂಟಿನ ಮೇಲೆ ಅದನ್ನೇ ಎಳೆದು, ವೈರನ್ನು ತೋಳಿಗೆ ಬಿಗಿಯಾಗಿ ಕಟ್ಟಿದೆ. ಎಳೆತ ಜಾಯಿಂಟಿಗೆ ಬರಲೇಬಾರದು. ಸೀಸ ಮೇಲಕ್ಕೇರದಂತೆ ತಡೆಯಲು ಒಂದು ಉಪಾಯ ಮಾಡಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲ ಸಲ ಬ್ಯಾಟರಿ ಕೊಟ್ಟಿದ್ದು, ಎಲ್ಲಾದರೂ ಶಾರ್ಟಿದ್ದರೆ ಬೋರ್ಡು ಸುಡದಿರಲಿ ಅಂತ, ಬೈಕಿನ ಇಂಡಿಕೇಟರ್ ಬಲ್ಬುಗಳನ್ನು ಸೀರೀಸಿನಲ್ಲಿ ಹಾಕಿಯೇ. ಬಿಡಿ ಮೋಟರು ಸಾವಿರದ ಏಳುನೂರರ ಹತ್ತಿರ, ಆ ಮಾಡೆಲ್ಲೂ ಈಗ ಸಿಗುತ್ತಿಲ್ಲ. ಬೇರೆ ಮಾಡೆಲ್ಲಿನ ನಾಲ್ಕರ ಸೆಟ್ಟು ತಗೊಂಡರೆ ಏಳು ಸಾವಿರ. ನನಗೆ ಖರ್ಚಾಗಿದ್ದು ನೂರು ರೂಪಾಯಿಯೂ ಇಲ್ಲ.

ಉಳಿದ ಮೂರಕ್ಕಿಂತ ಇದು ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಆದರೂ ಹಾರಿಸಿದ ಕೂಡಲೇ ಬೆರಳಿಟ್ಟರೆ ತಡೆಯುವಷ್ಟೇ. ಬೆಲ್ ನೆಗ್ಗಿದ್ದರೆ ಮಾತ್ರ ಇದಕ್ಕೆಲ್ಲ ಕೈಹಾಕಬೇಡಿ, ಹೊಸದೇ ತಗೊಳ್ಳಿ.