ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುವವರು ಸ್ನಾಯುಬಲ ನೋಡಿಕೊಳ್ಳುವುದು ಹೇಗೆ?

ಮಲೇರಿಯಾದ ಈ ಮಾತ್ರೆಯನ್ನು ಈಗ ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಸಂಧಿವಾತಕ್ಕೆ ವರ್ಷಗಟ್ಟಲೆ ಕೊಡುತ್ತಾರೆ. ಅಪರೂಪಕ್ಕೆ ಅದು ಸ್ನಾಯುಕೋಶದ ಲೈಸೋಸೋಮ್‌ಗಳಲ್ಲಿ (ಕೋಶದ ಕಸ ಕರಗಿಸುವ ಚೀಲಗಳಲ್ಲಿ) ಶೇಖರವಾಗಿ ತೊಡೆ, ಭುಜಗಳ ಬಲ ಕುಗ್ಗಿಸುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಅದಕ್ಕೇ ಗೊತ್ತಾಗುವುದು ತಡ.

ಮೊದಲು ಡೋಸ್ ಲೆಕ್ಕ ಹಾಕಿ. ಕಣ್ಣಿನ ಸುರಕ್ಷತೆಗೆ ಹಾಕಿದ ಮಿತಿ, ದಿನಕ್ಕೆ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. 50 ಕಿಲೋ ತೂಕದವರಿಗೆ ಅದು 250. ದಿನಾ 400 ಜಾಸ್ತಿಯಾಯಿತು. ಕಿಡ್ನಿ ತೊಂದರೆಯಿದ್ದರೆ ಅಪಾಯ ಇನ್ನೂ ಹೆಚ್ಚು.

ತಿಂಗಳಿಗೊಮ್ಮೆ ಎದೆ ಮೇಲೆ ಕೈಕಟ್ಟಿ, ಅದೇ ಕುರ್ಚಿಯಿಂದ 5 ಸಲ ಎದ್ದು ಕೂತು, ಎಷ್ಟು ಸೆಕೆಂಡಾಯಿತು ಎಂದು ಬರೆದಿಡಿ. ಸಮಯ ಏರುತ್ತಾ ಹೋದರೆ, ಮೆಟ್ರೋ ಮೆಟ್ಟಿಲು ಹತ್ತಲು ಕಂಬಿ ಬೇಕೇಬೇಕು ಅನ್ನಿಸಿದರೆ, ಆ ಚೀಟಿಯನ್ನೇ ವೈದ್ಯರಿಗೆ ತೋರಿಸಿ.

ಸ್ನಾಯುಹಾನಿ ತೋರಿಸುವ ಸಿಕೆ ರಕ್ತಪರೀಕ್ಷೆ ನಾರ್ಮಲ್ ಬಂತೆಂದು ಸುಮ್ಮನಾಗಬೇಡಿ, ಈ ತೊಂದರೆಯಲ್ಲೂ ಹಾಗೆ ಬರಬಹುದು. ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಬೇಕಾದರೆ ಸ್ನಾಯುವಿನ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿಸಬೇಕು. ನಿಮ್ಹಾನ್ಸ್‌ನಲ್ಲಿ ನರಸ್ನಾಯು ತಜ್ಞರಿದ್ದಾರೆ. ಹೃದಯದ ಸ್ನಾಯುವಿಗೂ ತಗಲಬಹುದು, ಇಸಿಜಿ ಬಿಡಬೇಡಿ.

ಉಸಿರಾಟ, ನುಂಗುವುದು ಕಷ್ಟವಾದರೆ ನೇರ ಎಮರ್ಜೆನ್ಸಿಗೆ ಹೋಗಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಲೂಪಸ್ ಕೆರಳಬಹುದು. ವೈದ್ಯರು ನಿಲ್ಲಿಸಿದರೂ ಔಷಧಿ ಮೈಬಿಡುವುದು ನಿಧಾನ. ಬಲ ಮರಳಲು ತಿಂಗಳುಗಳೇ ಬೇಕು.